ಕಾನೂನು ವಿದ್ಯಾರ್ಥಿಗೆ ಒಂದು ಫೈಲು ಕೊಡಿ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು, ಕರ್ನಾಟಕ ರಾಜ್ಯ ವಕೀಲರ ಪರಿಷತ್ತು
ಪದಾಧಿಕಾರಿಗಳು ಮತ್ತು ಹಿರಿಯ ವಕೀಲರು, ಮೈಸೂರು ಹಾಗೂ ಮಂಡ್ಯ ಜಿಲ್ಲೆಗಳ ವಕೀಲರ ಸಂಘಗಳು
ಪ್ರಾಂಶುಪಾಲರು, ಎರಡೂ ಜಿಲ್ಲೆಗಳ ಕಾನೂನು ಕಾಲೇಜುಗಳು

ಮಾನ್ಯರೇ,

ಬೇಸಿಗೆ ರಜೆ ಹತ್ತಿರ ಬಂದಂತೆ ಮೈಸೂರು, ಮಂಡ್ಯದ ವಕೀಲರ ಆಫೀಸುಗಳಿಗೆ ಕಾನೂನು ವಿದ್ಯಾರ್ಥಿಗಳು ಬಯೋಡೇಟಾ ಹಿಡಿದು ಬರುತ್ತಾರೆ. ಹೆಚ್ಚಿನವರನ್ನು ಯಾರೂ ವಾಪಸ್ ಕಳಿಸುವುದಿಲ್ಲ. ಅದು ನಮ್ಮ ಸೀನಿಯರ್‌ಗಳ ದೊಡ್ಡತನ. ತೊಂದರೆ ಶುರುವಾಗುವುದು ಮಾರನೆಯ ದಿನ. ಬಂದವರಿಗೆ ಏನು ಕೆಲಸ ಕೊಡಬೇಕೆಂದು ಆಫೀಸಿನಲ್ಲಿ ಯಾರೂ ಯೋಚಿಸಿರುವುದಿಲ್ಲ. ಏನು ಕೇಳಿ ಕಲಿಯಬೇಕೆಂದು ಕಾಲೇಜಿನವರೂ ಹೇಳಿ ಕಳಿಸಿರುವುದಿಲ್ಲ. ಜೆರಾಕ್ಸ್ ಅಂಗಡಿ, ಕೋರ್ಟ್ ಹಾಲಿನ ಹಿಂದಿನ ಬೆಂಚು, ಆಫೀಸಿನ ಮೂಲೆಯ ಕುರ್ಚಿ, ಇಷ್ಟರಲ್ಲೇ ದಿನಗಳು ಕಳೆದುಹೋಗುತ್ತವೆ. ಕೊನೆಯ ದಿನ ಲೆಟರ್‌ಹೆಡ್ ಮೇಲೆ ಸರ್ಟಿಫಿಕೇಟ್ ಮಾತ್ರ ಸಿಗುತ್ತದೆ.

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನವರು ಒಟ್ಟು 12 ವಾರ, ಐದು ವರ್ಷದ ಕೋರ್ಸಿನವರು 20 ವಾರ ಇಂಟರ್ನ್‌ಶಿಪ್ ಮುಗಿಸಬೇಕು. ಯಾವ ವರ್ಷವೂ ಒಂದೇ ಸಮನೆ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಓದು ಮುಗಿಯುವುದರೊಳಗೆ ಒಮ್ಮೆಯಾದರೂ ವಿಚಾರಣಾ ನ್ಯಾಯಾಲಯದ ಮತ್ತು ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಇದ್ದಿರಬೇಕು. ಲೆಕ್ಕ ಹಾಕಿದರೆ ವರ್ಷಕ್ಕೆ ನಾಲ್ಕು ವಾರ. ವಕೀಲಿಕೆ ಅಂದರೇನೆಂದು ಹತ್ತಿರದಿಂದ ನೋಡಲು ವಿದ್ಯಾರ್ಥಿಗೆ ಕಾನೂನೇ ಕೊಟ್ಟಿರುವ ಕಾಲ ಇಷ್ಟೇ.

ಆ ನಾಲ್ಕು ವಾರಕ್ಕೆ ಪ್ರತಿ ವಿದ್ಯಾರ್ಥಿಯ ಕೈಗೆ ಒಂದೇ ಒಂದು ಫೈಲು ಕೊಡಿ, ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅವರದೇ ಜವಾಬ್ದಾರಿ ಮಾಡಿ ಎಂಬುದು ನಮ್ಮ ಕೋರಿಕೆ. ಅದನ್ನು ಮಾಡುವುದು ಹೇಗೆ, ಎಲ್ಲಿ ಕೆಡುತ್ತದೆ ಎಂಬುದನ್ನು ಮುಂದೆ ಬರೆದಿದ್ದೇವೆ.

ಮೊದಲು ಕ್ಯಾಲೆಂಡರ್. ಮೇ ತಿಂಗಳ ಬಹುಪಾಲು ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ. ಕಾಲೇಜಿನ ರಜೆಯೂ ಆಗಲೇ. ಸಿವಿಲ್ ವಕೀಲರ ಬಳಿ ಮೇನಲ್ಲಿ ಇಂಟರ್ನ್ ಆದವನಿಗೆ ಒಂದು ಸಾಕ್ಷಿ ವಿಚಾರಣೆಯೂ ಕಣ್ಣಿಗೆ ಬೀಳದೆ ಹೋಗಬಹುದು. ಆದರೂ ಕಾಲೇಜಿಗೆ ಒಪ್ಪಿಸುವ ಡೈರಿಯಲ್ಲಿ "ಸಿವಿಲ್ ವಿಚಾರಣೆ ವೀಕ್ಷಿಸಿದೆ" ಎಂದು ಬರೆಯಲೇಬೇಕು, ಅಂಕ ಅದಕ್ಕಿದೆ. ಆಗಲೇ ಹಿಂದಿನ ಬ್ಯಾಚಿನ ಡೈರಿ ಕೈ ಬದಲಾಗುವುದು, ಒಂದೇ ಓ.ಎಸ್. (ಮೂಲ ದಾವೆ) ನಂಬರು ಹತ್ತು ಡೈರಿಗಳಲ್ಲಿ ಕಾಣುವುದು. ವಿದ್ಯಾರ್ಥಿಯನ್ನು ಸುಳ್ಳು ಬರೆಯುವ ಇಕ್ಕಟ್ಟಿಗೆ ದೂಡಿದ್ದು ಈ ವೇಳಾಪಟ್ಟಿ. ಕಾಲೇಜುಗಳು ಒಂದು ಕೆಲಸ ಮಾಡಬಹುದು: ಮೇ ತಿಂಗಳನ್ನು ಆಫೀಸಿನ ಕೆಲಸಕ್ಕೆ ಇಡಿ, ಅಂದರೆ ಫೈಲು ಓದುವುದು, ಕಕ್ಷಿದಾರರ ಮಾತು ಕೇಳುವುದು, ಕರಡು ಬರೆಯುವುದು. ಕೋರ್ಟ್ ವೀಕ್ಷಣೆಯನ್ನು ಕೋರ್ಟು ನಡೆಯುವ ತಿಂಗಳುಗಳಲ್ಲಿ ವಾರಕ್ಕೊಂದು ದಿನದಂತೆ ಹಂಚಿ. ಡೈರಿಯಲ್ಲಿ ಬೇರೆ ಬೇರೆ ದಿನಗಳ ಹಾಜರಿ, ಬೇರೆ ಬೇರೆ ಹಂತ ದಾಖಲಾಗಬೇಕೆಂದೇ ನಿಯಮವೂ ಹೇಳುತ್ತದೆ. ಸೀನಿಯರ್‌ಗಳಿಗೂ ರಜೆಯಲ್ಲಿ ಕೂತು ಹೇಳಿಕೊಡಲು ಸಂಜೆಗಳು ಸಿಗುತ್ತವೆ. ಕೋರ್ಟ್ ನಡೆಯುವಾಗ ಅದು ಕಷ್ಟ, ನಮಗೂ ಗೊತ್ತು.

ಇನ್ನು ಫೈಲಿನ ವಿಷಯ. ಮಂಡ್ಯ ಜಿಲ್ಲೆಯ ಯಾವ ಆಫೀಸಿಗೆ ಹೋದರೂ ಕಪಾಟಿನಲ್ಲಿ ವಿಭಾಗದ ದಾವೆ, ಅಂದರೆ ಮನೆತನದ ಆಸ್ತಿಯಲ್ಲಿ ಪಾಲು ಕೇಳುವ ಕೇಸು, ಇದ್ದೇ ಇರುತ್ತದೆ. ಕಲಿಯಲು ಅದಕ್ಕಿಂತ ಒಳ್ಳೆಯ ಫೈಲು ಇಲ್ಲ. ಕಾನೂನು, ಕಂದಾಯ ದಾಖಲೆ, ಮನೆತನದ ಸಂಬಂಧ, ಲೆಕ್ಕ, ಎಲ್ಲವೂ ಅದರಲ್ಲಿ ಕೂಡಿಬರುತ್ತವೆ.

ಓದುವ ಕ್ರಮ ಹೀಗಿರಲಿ: ಮೊದಲು ವಾದಪತ್ರ (ದಾವೆ ಹಾಕಿದವರ ಅರ್ಜಿ), ಆಮೇಲೆ ಪ್ರತಿವಾದಿಯ ಡಬ್ಲ್ಯು.ಎಸ್. (ಲಿಖಿತ ಉತ್ತರ), ಆಮೇಲೆ ಆರ್ಡರ್ ಶೀಟ್ (ಪ್ರತಿ ತಾರೀಖಿಗೆ ಕೋರ್ಟಿನಲ್ಲಿ ನಡೆದದ್ದರ ದಾಖಲೆ), ಕೊನೆಗೆ ದಾಖಲೆಗಳು. ಬಹಳ ವಿದ್ಯಾರ್ಥಿಗಳು ಶುರುವಿನಲ್ಲೇ ತೀರ್ಪು ಹುಡುಕಲು ಹೊರಡುತ್ತಾರೆ. ಸಂಗತಿಯೇ ಗೊತ್ತಿಲ್ಲದೆ ತೀರ್ಪು ಓದಿದರೆ ಯಾವುದು ಬೇಕು, ಯಾವುದು ಬೇಡ ಎಂದು ತಿಳಿಯುವುದಿಲ್ಲ. ಮೊದಲ ವಾರದ ಕೊನೆಗೆ ವಿದ್ಯಾರ್ಥಿ ಎರಡು ಹಾಳೆ ತಂದು ಕೊಡಬೇಕು: ಒಂದು ದಿನಾಂಕಗಳ ಪಟ್ಟಿ, ಇನ್ನೊಂದು ವಂಶವೃಕ್ಷ. ವಂಶವೃಕ್ಷದಲ್ಲಿ ಬರೀ ಹೆಸರು ಸಾಲದು. ಹುಟ್ಟಿದ್ದು, ತೀರಿಕೊಂಡದ್ದು, ಹೆಣ್ಣುಮಕ್ಕಳ ಮದುವೆಯಾದದ್ದು ಯಾವಾಗ ಎಂಬುದೂ ಬೇಕು. ಗೊತ್ತಿಲ್ಲದ ಕಡೆ ಖಾಲಿ ಬಿಟ್ಟು ಪ್ರಶ್ನಾರ್ಥಕ ಚಿಹ್ನೆ ಹಾಕಲಿ. ಕಕ್ಷಿದಾರ ಮುಂದಿನ ಸಲ ಬಂದಾಗ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಅಲ್ಲೇ ತಯಾರಾಗುತ್ತದೆ.

ದಿನಾಂಕ ಯಾಕಿಷ್ಟು ಮುಖ್ಯ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಪಾಂಡವಪುರದ ಕಡೆಯ 2 ಎಕರೆ 10 ಗುಂಟೆ ಪಿತ್ರಾರ್ಜಿತ ತರಿ ಜಮೀನು ಎಂದಿಟ್ಟುಕೊಳ್ಳಿ. ತಾಯಿ ಮೊದಲೇ ಇಲ್ಲ. ತಂದೆ 1990ರಲ್ಲಿ ತೀರಿಕೊಂಡಿದ್ದಾರೆ. ಮೂವರು ಗಂಡು, ಇಬ್ಬರು ಹೆಣ್ಣು. ವಿಭಾಗ ಆಗಿಯೇ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಹಳೆಯ ಕಲಂ 6ರಂತೆ ತಂದೆ ಸಾಯುವ ಮುಂಚಿನ ಕ್ಷಣದಲ್ಲಿ ಪಾಲು ಆಗಿತ್ತೆಂದು ಭಾವಿಸಿ ಕಾಲ್ಪನಿಕ ವಿಭಾಗ ಮಾಡಿದರೆ ತಂದೆಗೂ ಮೂವರು ಗಂಡುಮಕ್ಕಳಿಗೂ ನಾಲ್ಕನೇ ಒಂದು ಪಾಲು. ತಂದೆಯ ಆ ಪಾಲು ಐದು ಮಕ್ಕಳಿಗೆ ಸಮನಾಗಿ ಹಂಚಿಕೆ. ಹೆಣ್ಣುಮಗಳಿಗೆ ಸಿಗುವುದು ಇಪ್ಪತ್ತನೇ ಒಂದು ಪಾಲು, ನಾಲ್ಕೂವರೆ ಗುಂಟೆ. ಕರ್ನಾಟಕವು 30-7-1994ರಿಂದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿ 9-9-2005ರಂದು ಜಾರಿಗೆ ಬಂತು. ಅದರಲ್ಲಿ ಮದುವೆಯ ಅಡ್ಡಿ ಇಲ್ಲ. ಅಂದು ತಂದೆ ಬದುಕಿರಬೇಕಾಗಿಲ್ಲ, ಕಾಲ್ಪನಿಕ ವಿಭಾಗ ನಿಜವಾದ ವಿಭಾಗ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 11-8-2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಹೇಳಿತು. 20-12-2004ಕ್ಕೆ ಮುಂಚೆ ನಡೆದುಹೋದ ನಿಜವಾದ ವಿಭಾಗ, ಕ್ರಯಗಳಿಗೆ ಮಾತ್ರ ರಕ್ಷಣೆ. ಹಾಗಾದರೆ ಐದೂ ಮಕ್ಕಳಿಗೆ ಸಮಪಾಲು: ಹೆಣ್ಣುಮಗಳಿಗೆ 18 ಗುಂಟೆ. ನಾಲ್ಕೂವರೆಗೂ ಹದಿನೆಂಟಕ್ಕೂ ನಡುವೆ ಒಬ್ಬ ಹೆಂಗಸಿನ ಬಾಳು ನಿಂತಿದೆ. ಪರೀಕ್ಷೆಗೆ ಕಲಂ 6 ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಇದು ಅರ್ಥವಾಗುವುದು ಈ ಲೆಕ್ಕವನ್ನು ತಾನೇ ಮಾಡಿದಾಗ.

ಇದೇ ಲೆಕ್ಕದಲ್ಲಿ ಪ್ರತಿ ವರ್ಷ ಆಗುವ ಒಂದು ತಪ್ಪು ಹೇಳಿಬಿಡುತ್ತೇವೆ. ಪಹಣಿಯಲ್ಲಿ 2-10 ಎಂದಿರುವುದನ್ನು ದಶಾಂಶ ಎಂದು ತಿಳಿದು ಕ್ಯಾಲ್ಕುಲೇಟರಿನಲ್ಲಿ ಐದರಿಂದ ಭಾಗಿಸಿದರೆ 0.42 ಬರುತ್ತದೆ, ಅದನ್ನು 42 ಗುಂಟೆ ಎಂದು ಬರೆದುಬಿಡುತ್ತಾರೆ. ಎಕರೆಗೆ 40 ಗುಂಟೆ. ಮೊದಲು ಎಲ್ಲವನ್ನೂ ಗುಂಟೆಗೆ ತಂದುಕೊಳ್ಳಬೇಕು. 90 ಗುಂಟೆ, ಐದು ಭಾಗ, 18. ಖರಾಬು (ಸಾಗುವಳಿಗೆ ಬಾರದ ಜಾಗ) ಇದ್ದರೆ ಅದನ್ನು ಬೇರೆ ತೋರಿಸಬೇಕು.

ಪಹಣಿ ಓದುವುದನ್ನು ಕಾಲೇಜಿನಲ್ಲಿ ಯಾರೂ ಕಲಿಸುವುದಿಲ್ಲ. ಕಾಲಂ 9ರಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅದು ಹೇಗೆ ಬಂತು, 11ರಲ್ಲಿ ಸಾಲ ಮತ್ತು ಇತರ ಹಕ್ಕು, 12ರಲ್ಲಿ ಸಾಗುವಳಿ ಮತ್ತು ಬೆಳೆ. ಕಾಲಂ 10ರಲ್ಲಿರುವ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರು ಹಿಡಿದು ಮ್ಯುಟೇಷನ್ ಪ್ರತಿ ತೆಗೆಸಿದರೆ ಖಾತೆ ಬದಲಾದದ್ದು ಪೌತಿಯಿಂದಲೋ (ಖಾತೆದಾರರು ತೀರಿಕೊಂಡದ್ದರಿಂದ), ಕ್ರಯದಿಂದಲೋ, ಬಾಯ್ಮಾತಿನ ಪಾಲಿನಿಂದಲೋ ಗೊತ್ತಾಗುತ್ತದೆ. "ಮೊದಲೇ ಪಾಲು ಆಗಿದೆ" ಎಂದು ಪ್ರತಿವಾದಿ ಹೇಳುವ ಕಥೆ ನಿಲ್ಲುವುದೋ ಬೀಳುವುದೋ ಅಲ್ಲೇ. ಅದರ ಜೊತೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಇ.ಸಿ. (ಋಣಭಾರ ಪ್ರಮಾಣಪತ್ರ) ಇಟ್ಟು ತಾಳೆ ನೋಡಬೇಕು. ಇ.ಸಿ.ಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಬರುತ್ತದೆ. ನೋಂದಾಯಿಸದ ಪಾಲುಪಟ್ಟಿ ಅದರಲ್ಲಿ ಕಾಣಿಸದು. "ಇ.ಸಿ. ನಿಲ್ ಇದೆ, ಯಾವ ವ್ಯವಹಾರವೂ ಆಗಿಲ್ಲ" ಎಂದು ವಿದ್ಯಾರ್ಥಿ ಟಿಪ್ಪಣಿ ಬರೆದರೆ ಅಲ್ಲಿಗೇ ನಿಲ್ಲಿಸಿ ತಿದ್ದಬೇಕು.

ಎರಡನೇ ವಾರ ಆಸ್ತಿಯ ಷೆಡ್ಯೂಲ್ (ವಿವರಪಟ್ಟಿ) ಬರೆಸಿ. ಸರ್ವೆ ನಂಬರು, ಗ್ರಾಮ, ಹೋಬಳಿ, ತಾಲೂಕು, ವಿಸ್ತೀರ್ಣ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ). ನೋಡಲು ಗುಮಾಸ್ತರ ಕೆಲಸದ ಹಾಗಿದೆ. ದಾವೆ ಗೆದ್ದವರು ಕೊನೆಗೆ ಜಮೀನು ಸಿಗದೆ ಒದ್ದಾಡುವುದು ಬಹಳ ಸಲ ಇದರಿಂದಲೇ. ಮೂವತ್ತು ವರ್ಷದ ಹಿಂದಿನ ಕ್ರಯಪತ್ರ ನೋಡಿ ಚಕ್ಕುಬಂದಿ ಇಳಿಸುತ್ತಾರೆ. ಪೂರ್ವಕ್ಕೆ ಇದ್ದವರು ಅಷ್ಟರಲ್ಲಿ ಮಾರಿ ಹೋಗಿರುತ್ತಾರೆ, ಪೋಡಿಯಾಗಿ (ಸರ್ವೆ ನಂಬರು ಒಡೆದು) ಹಿಸ್ಸಾ ನಂಬರು ಬದಲಾಗಿರುತ್ತದೆ. ಡಿಕ್ರಿಯಾದ ಮೇಲೆ ಅಳತೆಗೆ ಹೋದ ಸರ್ವೆಯರ್‌ಗೆ ಜಾಗವೇ ಗುರುತು ಸಿಗುವುದಿಲ್ಲ. ವಿದ್ಯಾರ್ಥಿಯಿಂದ ಈಗಿನ ಪಹಣಿ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಸರ್ವೆ ನಕ್ಷೆ ಎದುರಿಗಿಟ್ಟುಕೊಂಡೇ ಷೆಡ್ಯೂಲ್ ಬರೆಸಬೇಕು.

ಕೋರ್ಟ್ ಶುಲ್ಕವೂ ಹಾಗೆಯೇ. 1958ರ ಕರ್ನಾಟಕ ಕೋರ್ಟ್ ಶುಲ್ಕ ಕಾಯ್ದೆಯ ಕಲಂ 35(2)ರಂತೆ ವಾದಿ ಜಂಟಿ ಸ್ವಾಧೀನದಲ್ಲಿದ್ದರೆ ನಿಗದಿತ ಶುಲ್ಕ, ಹೆಚ್ಚೆಂದರೆ 200 ರೂಪಾಯಿ. ಸ್ವಾಧೀನದಿಂದ ಹೊರಗೆ ಹಾಕಿಸಿಕೊಂಡಿದ್ದರೆ 35(1)ರಂತೆ ಅವರ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ. "ನಮ್ಮನ್ನು ಜಮೀನಿಗೆ ಕಾಲಿಡಲು ಬಿಡುತ್ತಿಲ್ಲ" ಎಂದು ವಾದಪತ್ರದ ಒಂದು ಪ್ಯಾರಾದಲ್ಲಿ ಬರೆದು, ಇನ್ನೊಂದರಲ್ಲಿ "ಜಂಟಿ ಸ್ವಾಧೀನ" ಎಂದು 200 ರೂಪಾಯಿ ಕಟ್ಟಿದರೆ ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ. ಒಂದು ಪ್ಯಾರಾ ಇನ್ನೊಂದನ್ನು ಕಡಿಯುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಮೂರನೇ ವಾರ ಕರಡು ಬರೆಸಿ. ಇಡೀ ವಾದಪತ್ರ ಬೇಡ. ವ್ಯಾಜ್ಯ ಕಾರಣದ (ದಾವೆ ಹಾಕಬೇಕಾಗಿ ಬಂದ ಕಾರಣದ) ಪ್ಯಾರಾ ಒಂದು, ಐ.ಎ.ಗೆ (ದಾವೆಯ ನಡುವೆ ಹಾಕುವ ಮಧ್ಯಂತರ ಅರ್ಜಿಗೆ) ಬೇಕಾದ ಪ್ರಮಾಣಪತ್ರ ಒಂದು. ಕನ್ನಡದಲ್ಲೇ ಬರೆಸಿ. ತಾಲೂಕು ಕೋರ್ಟಿನಲ್ಲಿ ಕಕ್ಷಿದಾರರು ಸಹಿ ಹಾಕುವುದು ತಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಪಾಟೀಸವಾಲಿನಲ್ಲಿ (ಎದುರು ವಕೀಲರು ಸಾಕ್ಷಿಯನ್ನು ಪ್ರಶ್ನಿಸುವಾಗ) "ಇದರಲ್ಲಿ ಏನು ಬರೆದಿದೆ ಗೊತ್ತಾ?" ಎಂದು ಕೇಳಿದಾಗ ಸಾಕ್ಷಿ ತಬ್ಬಿಬ್ಬಾಗುವುದು ಇಂಗ್ಲಿಷ್ ಮಾದರಿಯನ್ನು ಹಾಗೇ ಇಳಿಸಿದ ಪ್ರಮಾಣಪತ್ರದಿಂದ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ನಲ್ಲಿ ಬಾಯಿ ಬಿಡಲು ಹೆದರುತ್ತಾರೆ. ಈ ಕೆಲಸ ಕೊಟ್ಟು ನೋಡಿ, ಆಫೀಸಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವವರು ಅವರೇ.

ಬರೆದದ್ದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕೊಡಬೇಕು. ಬಹುತೇಕ ಆಫೀಸುಗಳಲ್ಲಿ ತಪ್ಪುವುದು ಇದೊಂದೇ. ವಿದ್ಯಾರ್ಥಿ ಕಷ್ಟಪಟ್ಟು ಬರೆದ ಕರಡನ್ನು ಸೀನಿಯರ್ ಪಕ್ಕಕ್ಕಿಟ್ಟು ತಾವೇ ಹೊಸದಾಗಿ ಡಿಕ್ಟೇಟ್ ಮಾಡುತ್ತಾರೆ. ಎಲ್ಲಿ ತಪ್ಪಿತು ಎಂದು ವಿದ್ಯಾರ್ಥಿಗೆ ತಿಳಿಯುವುದೇ ಇಲ್ಲ. ಶನಿವಾರ ಸಂಜೆ ಇಪ್ಪತ್ತು ನಿಮಿಷ ಕೊಡಿ, ಸಾಕು. ಸೀನಿಯರ್‌ಗೆ ಆಗದಿದ್ದರೆ ಆಫೀಸಿನ ಜೂನಿಯರ್ ಮಾಡಲಿ, ಆ ಜೂನಿಯರ್ ಕೂಡ ಕಲಿಯುತ್ತಾರೆ.

ಕಚೇರಿಯ ಆಕ್ಷೇಪಣೆ ಎಂಬ ಇನ್ನೊಂದು ಪಾಠಶಾಲೆ ಇದೆ. ದಾವೆ ಸಲ್ಲಿಸಿದಾಗ ಫೈಲಿಂಗ್ ಕೌಂಟರಿನಿಂದ ವಾಪಸ್ ಬರುವ ಕಾರಣಗಳು ಸಾಮಾನ್ಯವಾಗಿ ಇವೇ: ಪುಟ ಸಂಖ್ಯೆ ಇಲ್ಲ, ಮೌಲ್ಯಮಾಪನ ಪಟ್ಟಿ ಇಲ್ಲ, ದಾಖಲೆಗಳ ಪಟ್ಟಿಗೂ ಲಗತ್ತಿಸಿದ ದಾಖಲೆಗೂ ತಾಳೆ ಇಲ್ಲ, ಪ್ರತಿವಾದಿಗಳ ಸಂಖ್ಯೆಗೆ ತಕ್ಕಷ್ಟು ಪ್ರತಿ ಇಲ್ಲ, ಪ್ರೊಸೆಸ್ ಮೆಮೊ (ಸಮನ್ಸ್ ಕಳಿಸಲು ಕೊಡುವ ಚೀಟಿ) ಇಲ್ಲ, ಸತ್ಯಾಪನೆಯ ಪ್ರಮಾಣಪತ್ರಕ್ಕೆ ಸಹಿ ಇಲ್ಲ, ವಕಾಲತ್ತಿಗೆ ಕಲ್ಯಾಣ ನಿಧಿಯ ಸ್ಟ್ಯಾಂಪ್ ಇಲ್ಲ. ಕೌಂಟರಿಗೆ ಹೋಗುವ ಗುಮಾಸ್ತರ ಜೊತೆ ವಿದ್ಯಾರ್ಥಿಯನ್ನು ಒಂದು ದಿನ ಪೂರ್ತಿ ಕಳಿಸಿ. ನಕಲು ವಿಭಾಗದಲ್ಲಿ ಅರ್ಜಿ ಹಾಕುವುದು, ಸಮನ್ಸಿಗೆ ಹಣ ಕಟ್ಟುವುದು, ಆರ್ಡರ್ ಶೀಟ್ ನೋಡಲು ಅನುಮತಿ ಕೇಳುವುದು, ಇವು ಪುಸ್ತಕದಲ್ಲಿಲ್ಲ. ಅನುಭವಿ ಗುಮಾಸ್ತರಿಗೆ ತಿಳಿದಿರುವಷ್ಟು ಕಾರ್ಯವಿಧಾನ ಹೊಸದಾಗಿ ಸನ್ನದು ಪಡೆದ ವಕೀಲರಿಗೆ ತಿಳಿದಿರುವುದಿಲ್ಲ. ಗುಮಾಸ್ತರನ್ನು ಗುರುವೆಂದೇ ಕಾಣಬೇಕೆಂದು ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲೇ ಹೇಳಿ ಕಳಿಸಿ.

ವಿಭಾಗದ ದಾವೆ ಇಲ್ಲದ ಆಫೀಸಿನಲ್ಲಿ ಚೆಕ್ ಬೌನ್ಸ್ ಫೈಲು ಕೊಡಬಹುದು. ಅಲ್ಲಿ ಎಲ್ಲವೂ ದಿನಾಂಕದ ಮೇಲೆ ನಿಂತಿದೆ. ಚೆಕ್ ವಾಪಸಾಯಿತೆಂಬ ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸು, ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನ, ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ಮೆಮೊ ಜೂನ್ 3ಕ್ಕೆ ಬಂದು, ನೋಟಿಸು ಜೂನ್ 28ಕ್ಕೆ ಹೋಗಿ, ಜುಲೈ 2ಕ್ಕೆ ತಲುಪಿದರೆ 15 ದಿನ ಮುಗಿಯುವುದು ಜುಲೈ 17ಕ್ಕೆ. ಜುಲೈ 15ಕ್ಕೇ ದೂರು ಹಾಕಿದರೆ ಅವಧಿಗೆ ಮುಂಚಿನ ದೂರು, ನಿಲ್ಲದು. ತಡವಾದರೆ ಕಾರಣ ತೋರಿಸಿ ಮನ್ನಾ ಕೇಳಬೇಕು. ನೋಟಿಸು ತಲುಪಿದ ದಿನ ಯಾವುದೆಂಬುದಕ್ಕೆ ಅಂಚೆಯ ಟ್ರ್ಯಾಕಿಂಗ್ ಪ್ರತಿಯನ್ನು ಅಂದೇ ಮುದ್ರಿಸಿ ಇಟ್ಟುಕೊಳ್ಳಬೇಕು. ತಿಂಗಳುಗಳಾದ ಮೇಲೆ ಹುಡುಕಿದರೆ ವೆಬ್‌ಸೈಟಿನಲ್ಲಿ ಸಿಗುವುದಿಲ್ಲ. ಚೆಕ್ಕನ್ನು ಖಾತೆಗೆ ಹಾಕಿ ವಸೂಲಿಗೆ ಕಳಿಸಿದ್ದರೆ ಹಣ ಪಡೆಯಬೇಕಾದವರ ಖಾತೆ ಯಾವ ಶಾಖೆಯಲ್ಲಿದೆಯೋ ಆ ವ್ಯಾಪ್ತಿಯ ಕೋರ್ಟಿನಲ್ಲೇ ದೂರು. ಇಂಥ ಒಂದು ಹಾಳೆಯ ದಿನಾಂಕ ಪಟ್ಟಿ ಮಾಡಲು ಬಂದರೆ ಮೊದಲ ವರ್ಷದ ವಿದ್ಯಾರ್ಥಿಯೂ ಆಫೀಸಿಗೆ ಆಸರೆಯಾಗುತ್ತಾರೆ.

ಕ್ರಿಮಿನಲ್ ಫೈಲು ಕೊಡುವವರು ಒಂದು ವಿಷಯ ಮೊದಲೇ ಹೇಳಿಬಿಡಿ. 1-7-2024ರಿಂದ ಹೊಸ ಸಂಹಿತೆಗಳು (ಭಾರತೀಯ ನ್ಯಾಯ ಸಂಹಿತೆ ಮುಂತಾದವು) ಬಂದಿದ್ದರೂ ಅದಕ್ಕೆ ಮುಂಚಿನ ಅಪರಾಧಕ್ಕೆ ಭಾರತೀಯ ದಂಡ ಸಂಹಿತೆಯೇ ಅನ್ವಯ, ಅಂದು ಬಾಕಿಯಿದ್ದ ವಿಚಾರಣೆ ಹಳೆಯ ಕಾರ್ಯವಿಧಾನದಲ್ಲೇ ಸಾಗುತ್ತದೆ. ಒಂದೇ ಕೋರ್ಟ್ ಹಾಲಿನಲ್ಲಿ ಒಂದೇ ಬೆಳಿಗ್ಗೆ ಎರಡೂ ನಡೆಯುವುದನ್ನು ನೋಡಿ ವಿದ್ಯಾರ್ಥಿಗಳು ಗೊಂದಲಕ್ಕೆ ಬೀಳುತ್ತಾರೆ.

ಕೋರ್ಟಿನಲ್ಲಿ ಕೂತಾಗ ಏನು ನೋಡಬೇಕು? ಸಿವಿಲ್ ಕೇಸಿನಲ್ಲಿ ಮುಖ್ಯ ವಿಚಾರಣೆ ಈಗ ಪ್ರಮಾಣಪತ್ರದ ರೂಪದಲ್ಲಿ ಬರುತ್ತದೆ, ಅಂದು ಕಾಣುವುದು ದಾಖಲೆಗಳಿಗೆ ನಿಶಾನೆ (ಗುರುತಿನ ಸಂಖ್ಯೆ) ಹಾಕುವುದು ಮಾತ್ರ. ಕೇಳಬೇಕಾದದ್ದು ಪಾಟೀಸವಾಲು. "ಹೀಗೆ ಎಂದರೆ ಸರಿಯಲ್ಲ" ಎಂದು ಹೇಳಿಕೆಯಲ್ಲಿ ದಾಖಲಾಗುವ ಪ್ರತಿ ಸಾಲಿನ ಹಿಂದೆ ವಕೀಲರ ಒಂದು ಸೂಚನೆ ಇರುತ್ತದೆ. ಆ ಸೂಚನೆ ಯಾವ ವಿವಾದಾಂಶಕ್ಕೆ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗೆ) ಸೇರಿದ್ದು ಎಂದು ಪಕ್ಕದಲ್ಲಿ ಬರೆದುಕೊಳ್ಳಲಿ. ಸಾಕ್ಷಿ ಹೌದೆಂದು ಒಪ್ಪಿದ ಸಾಲಿಗೆ ಅಡಿಗೆರೆ ಹಾಕಲಿ. ಸಂಜೆ ಆಫೀಸಿಗೆ ಬಂದು ವಾದಪತ್ರದ ಜೊತೆ ಇಟ್ಟು ನೋಡಿದರೆ ಆ ಒಂದು ಗಂಟೆಯ ಪಾಟೀಸವಾಲು ಯಾವ ದಿಕ್ಕಿಗೆ ಹೋಗುತ್ತಿತ್ತೆಂದು ತಿಳಿಯುತ್ತದೆ. ದಿನಕ್ಕೆ ಐದು ಕೋರ್ಟ್ ಹಾಲು ಸುತ್ತುವುದಕ್ಕಿಂತ ಒಂದೇ ಕೇಸನ್ನು ಅದರ ಮುಂದಿನ ತಾರೀಖಿಗೂ ಹೋಗಿ ನೋಡುವುದು ಮೇಲು. ಪ್ರತಿ ಕೇಸಿಗೂ ಗುರುತಾಗಿ ಕೊಡುವ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ನಂಬರನ್ನು ಇ-ಕೋರ್ಟ್ಸ್ ಆಪ್‌ನಲ್ಲಿ ಹಾಕಿದರೆ ಮುಂದಿನ ದಿನಾಂಕವೂ ಹಂತವೂ ಸಿಗುತ್ತದೆ. ಕೇಸು ಮುಂದಕ್ಕೆ ಹೋದರೆ "ಮುಂದೂಡಲಾಯಿತು" ಎಂದಷ್ಟೇ ಬರೆಯದೆ ಯಾಕೆ ಹೋಯಿತು, ಯಾರು ಕೇಳಿದರು, ವೆಚ್ಚ ಹಾಕಿದರೇ ಎಂದೂ ಬರೆಯಲಿ.

ಸಂಶೋಧನೆಯ ಬಗ್ಗೆ ಕಟ್ಟುನಿಟ್ಟಾಗಿರಬೇಕು. ಎಐ ಚಾಟ್‌ಬಾಟ್ ಕೊಟ್ಟ ತೀರ್ಪಿನ ಹೆಸರನ್ನು ಹಾಗೇ ಟಿಪ್ಪಣಿಗೆ ಇಳಿಸುವುದು ಹೆಚ್ಚಾಗುತ್ತಿದೆ. ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದ ಬೆಂಗಳೂರಿನ ಸಿವಿಲ್ ಕೋರ್ಟೊಂದರ ಆದೇಶವನ್ನು 2025ರಲ್ಲಿ ನಮ್ಮ ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡದ್ದು ಎಲ್ಲರಿಗೂ ಗೊತ್ತು. ಸುಪ್ರೀಂ ಕೋರ್ಟಿನ ತೀರ್ಪುಗಳು ಇ-ಎಸ್‌ಸಿಆರ್ ತಾಣದಲ್ಲಿ ಉಚಿತವಾಗಿವೆ. ತೀರ್ಪಿನ ಪೂರ್ಣ ಪ್ರತಿ ತೆಗೆದು, ತಮಗೆ ಬೇಕಾದ ಪ್ಯಾರಾ ಸಂಖ್ಯೆ ಬರೆದು, ಅದು ಮುಂದೆ ರದ್ದಾಗಿಲ್ಲ ಎಂದು ನೋಡಿದ ಮೇಲೆಯೇ ಸೀನಿಯರ್ ಮೇಜಿಗೆ ಬರಬೇಕು. ಈ ನಿಯಮ ಮೊದಲ ದಿನವೇ ಹೇಳಿ.

ಗೌಪ್ಯತೆಯ ಮಾತು ಇನ್ನೂ ದೊಡ್ಡದು. ಕಕ್ಷಿದಾರ ವಕೀಲರಿಗೆ ಹೇಳಿದ್ದನ್ನು ಹೊರಗೆ ಬಿಡಬಾರದೆಂಬ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 132 ವಕೀಲರ ಗುಮಾಸ್ತರು, ನೌಕರರಿಗೂ ಅನ್ವಯಿಸುತ್ತದೆ. ಇಂಟರ್ನ್ ಕೂಡ ಅದೇ ಶಿಸ್ತಿಗೆ ಒಳಪಡಬೇಕು. ಆದರೆ ಡೈರಿಯಲ್ಲಿ ವಿಚ್ಛೇದನದ ಕಕ್ಷಿದಾರರ ಪೂರ್ತಿ ಹೆಸರು, ಊರು, ಆಪಾದನೆ ಎಲ್ಲ ಬರೆದು ಮೌಖಿಕ ಪರೀಕ್ಷೆಗೆ ತರುವ ಅಭ್ಯಾಸ ಇದೆ. ಪ್ರಮಾಣಪತ್ರದ ಫೋಟೋ ವಾಟ್ಸಾಪ್ ಗುಂಪಿಗೆ ಹೋಗುವುದೂ ಇದೆ. ಕಕ್ಷಿದಾರರ ಸಂದರ್ಶನದ ದಾಖಲೆಯಲ್ಲಿ "ವಾದಿ", "ಪತ್ನಿ", "ಎ" ಎಂದಷ್ಟೇ ಇರಲಿ. ಕಾಲೇಜುಗಳು ಹೆಸರಿರುವ ಡೈರಿಯನ್ನು ಸ್ವೀಕರಿಸಲೇಬಾರದು. ಸಂದರ್ಶನಕ್ಕೆ ಕೂರಿಸುವ ಮುಂಚೆ ಕಕ್ಷಿದಾರರನ್ನು ಒಂದು ಮಾತು ಕೇಳಿ. "ಇವರು ನಮ್ಮ ಹತ್ತಿರ ಕಲಿಯುತ್ತಿರುವ ವಿದ್ಯಾರ್ಥಿನಿ, ಕೂರಬಹುದೇ ಅಮ್ಮಾ?" ಎಂದರೆ ಹೆಚ್ಚಿನವರು ಬೇಡ ಎನ್ನುವುದಿಲ್ಲ. ಬೇಡ ಎಂದರೆ ಹೊರಗೆ ಕಳಿಸಿ.

"ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ, ಪಾಸ್ ಓವರ್ ಕೇಳಿಬಿಡು" (ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಲು ಕೇಳು) ಎಂದು ಕಪ್ಪು ಕೋಟು ಹಾಕಿದ ವಿದ್ಯಾರ್ಥಿಯನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವುದನ್ನು ದಯವಿಟ್ಟು ಬಿಡಿ. 1961ರ ವಕೀಲರ ಕಾಯ್ದೆಯ ಪ್ರಕಾರ ವಕೀಲಿಕೆ ಮಾಡುವ ಹಕ್ಕು ಸನ್ನದು ಪಡೆದವರಿಗೆ ಮಾತ್ರ. ಅನುಕೂಲ ಆಫೀಸಿನದು, ಬೈಗುಳ ವಿದ್ಯಾರ್ಥಿಯದು. ಬ್ಯಾಂಡು, ಗೌನು ಅವರು ಹಾಕುವಂತಿಲ್ಲ. ಬಿಳಿ ಶರ್ಟು, ಕಪ್ಪು ಕೋಟು, ಕಪ್ಪು ಟೈ, ಕಪ್ಪು ಶೂ ನಿಯಮದಲ್ಲಿದೆ. ಕೋಟು ಕೊಳ್ಳಲಾಗದವರು ಬಿಳಿ ಪ್ಯಾಂಟು, ತುಂಬು ತೋಳಿನ ಶರ್ಟು ಹಾಕಿಕೊಂಡು ಬರಬಹುದೆಂದೂ ಅದೇ ನಿಯಮದಲ್ಲಿದೆ. ಕೋಟಿಲ್ಲ ಎಂದು ಯಾರನ್ನೂ ವಾಪಸ್ ಕಳಿಸಬೇಡಿ.

ದುಡ್ಡಿನ ಮಾತು ಆಡಲು ಎಲ್ಲರೂ ಹಿಂಜರಿಯುತ್ತಾರೆ, ನಾವು ಆಡುತ್ತೇವೆ. ಜೂನಿಯರ್ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡುವುದು ಒಳ್ಳೆಯದೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸಲಹೆ ಕೊಟ್ಟಿತು. ಅದು ಸಲಹೆ, ಮತ್ತು ಇಂಟರ್ನ್‌ಗಳಿಗೆ ಸಂಬಂಧಿಸಿದ್ದಲ್ಲ. ಇಂಟರ್ನ್‌ಗೆ ಸ್ಟೈಪೆಂಡ್ ಕೊಡಲು ನಮ್ಮ ಸಣ್ಣ ಆಫೀಸುಗಳಿಗೆ ಆಗದು ಎಂಬುದು ನಿಜ. ಆದರೆ ನಾಗಮಂಗಲದಿಂದಲೋ ಮಳವಳ್ಳಿಯಿಂದಲೋ ದಿನಾ ಬಂದು ಹೋಗುವವರಿಗೆ ಬಸ್ ಖರ್ಚು, ಮಧ್ಯಾಹ್ನದ ಊಟ ಕೊಡಲು ಆಗುತ್ತದೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿದೆ. ಕೂಲಿ ಮಾಡುವವರ ಮನೆಯ ಹುಡುಗನಿಗೆ ಅದೂ ಇಲ್ಲ. ಜೆರಾಕ್ಸ್, ಸ್ಟ್ಯಾಂಪು, ಅಂಚೆ ಖರ್ಚು ಮಾತ್ರ ಯಾವ ಕಾರಣಕ್ಕೂ ವಿದ್ಯಾರ್ಥಿಯ ಜೇಬಿನಿಂದ ಹೋಗಬಾರದು. "ಆಮೇಲೆ ಇಸ್ಕೋ" ಎಂದದ್ದನ್ನು ಆಮೇಲೆ ಕೇಳಲು ಅವರಿಗೆ ಬಾಯಿ ಬರುವುದಿಲ್ಲ. ಬೆಳಿಗ್ಗೆಯೇ ಚಿಲ್ಲರೆ ಹಣ ಕೊಟ್ಟು ಸಂಜೆ ಚೀಟಿ ತೆಗೆದುಕೊಳ್ಳಿ.

ನಮ್ಮಲ್ಲಿ ಬಹಳ ಆಫೀಸುಗಳು ಮನೆಯ ಮುಂಭಾಗದ ಕೋಣೆಯಲ್ಲೇ ಇವೆ, ಕೆಲಸ ನಡೆಯುವುದು ಸಂಜೆ ಆರರ ಮೇಲೆ. ವಿದ್ಯಾರ್ಥಿನಿಯರ ಮನೆಯವರಿಗೆ ಇರುವ ಆತಂಕ ಸಕಾರಣದ್ದು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಉದ್ಯೋಗಿ ಎಂದರೆ ತರಬೇತಿಯಲ್ಲಿರುವವರೂ ಸಂಬಳವಿಲ್ಲದವರೂ ಸೇರುತ್ತಾರೆ. ಹತ್ತು ಜನಕ್ಕಿಂತ ಕಡಿಮೆ ಇರುವ ಆಫೀಸಾದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ, ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು. ಇದನ್ನು ಕಾಲೇಜುಗಳು ಇಂಟರ್ನ್‌ಶಿಪ್ ಪತ್ರದಲ್ಲೇ ಅಚ್ಚು ಮಾಡಿ, ಫೋನ್ ಮಾಡಬೇಕಾದ ಅಧ್ಯಾಪಕಿಯ ಹೆಸರು ಸೇರಿಸಿ ಕೊಡಬೇಕು. ಆಫೀಸಿನವರು ವಿದ್ಯಾರ್ಥಿನಿಯರಿಗೆ ಬೆಳಗಿನ ಮತ್ತು ಮಧ್ಯಾಹ್ನದ ಸಮಯ ಗೊತ್ತು ಮಾಡಲಿ. ಒಬ್ಬರನ್ನೇ ತೆಗೆದುಕೊಳ್ಳುವ ಬದಲು ಇಬ್ಬರನ್ನು ಒಟ್ಟಿಗೆ ತೆಗೆದುಕೊಳ್ಳುವುದು ಒಳ್ಳೆಯದು.

ವಕೀಲರ ಪರಿಚಯವೇ ಇಲ್ಲದ ಮನೆಗಳಿಂದ ಬಂದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತೆರೆದಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಆದಾಯದ ಮಿತಿಯಿಲ್ಲದೆ ಅಲ್ಲಿಗೆ ನೆರವು ಕೇಳಿ ಬರುತ್ತಾರೆ. ಕಕ್ಷಿದಾರರ ಮಾತು ಕೇಳಿ ದಾಖಲಿಸುವ ಅಭ್ಯಾಸಕ್ಕೆ ನಿಯಮದಲ್ಲೇ ಕಾನೂನು ನೆರವು ಕಚೇರಿಯ ಹೆಸರಿದೆ.

ಬೆಂಗಳೂರಿನ ದೊಡ್ಡ ಲಾ ಫರ್ಮ್‌ಗಳ ಕಡೆ ನೋಡುವ ವಿದ್ಯಾರ್ಥಿಗಳಿಗೂ ಒಂದು ಮಾತು ಹೇಳಬೇಕು. ಅಲ್ಲಿ ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಬೇಕು, ಸಿಗುವ ಕೆಲಸ ಬಹುಪಾಲು ಸಂಶೋಧನೆ ಟಿಪ್ಪಣಿ, ಕರಾರು ತಾಳೆ ನೋಡುವುದು ಮತ್ತು ಆಸ್ತಿ ದಾಖಲೆ ಪರಿಶೀಲನೆ. ಮಂಡ್ಯದಲ್ಲಿ ಪಹಣಿ, ಎಂ.ಆರ್., ಇ.ಸಿ. ಇಟ್ಟುಕೊಂಡು ಹಕ್ಕಿನ ಸರಪಳಿ ಜೋಡಿಸಲು ಕಲಿತ ವಿದ್ಯಾರ್ಥಿ ಆ ಪರಿಶೀಲನೆಯಲ್ಲಿ ಯಾರಿಗೂ ಕಡಿಮೆಯಿಲ್ಲ. ಬಯೋಡೇಟಾದಲ್ಲಿ "ಹಿರಿಯ ವಕೀಲರ ಬಳಿ ಇಂಟರ್ನ್‌ಶಿಪ್" ಎಂದು ಬರೆಯುವ ಬದಲು "ವಿಭಾಗದ ದಾವೆಯಲ್ಲಿ ದಾಖಲೆಗಳ ತಾಳೆಪಟ್ಟಿ, ಷೆಡ್ಯೂಲ್, ಐ.ಎ. ಪ್ರಮಾಣಪತ್ರದ ಕರಡು" ಎಂದು ಬರೆಯಲು ಸಾಧ್ಯವಾಗಬೇಕು. ಸರ್ಟಿಫಿಕೇಟ್ ಕೊಡುವವರು ಇದನ್ನೇ ಬರೆಯಿರಿ: ಯಾವ ದಿನದಿಂದ ಯಾವ ದಿನದವರೆಗೆ, ಯಾವ ಬಗೆಯ ಫೈಲು, ಏನೇನು ಬರೆದರು. "ನಡತೆ ತೃಪ್ತಿಕರ" ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ಬಾರದವರಿಗೆ ಸರ್ಟಿಫಿಕೇಟ್ ಕೊಡಬೇಡಿ. ಪರಿಚಯದವರ ಮಗ ಎಂದು ಕೊಟ್ಟರೆ ದಿನಾ ಬಂದು ದುಡಿದ ಇನ್ನೊಬ್ಬರ ಸರ್ಟಿಫಿಕೇಟಿಗೂ ಬೆಲೆ ಹೋಗುತ್ತದೆ.

ಕೊನೆಯದಾಗಿ ರಾಜ್ಯ ವಕೀಲರ ಪರಿಷತ್ತಿಗೆ. ಕನಿಷ್ಠ ಹತ್ತು ವರ್ಷ ಅನುಭವವಿದ್ದು, ರಜೆಯಲ್ಲಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಲು ಒಪ್ಪುವ ವಕೀಲರ ಪಟ್ಟಿಯನ್ನು ಜಿಲ್ಲಾವಾರು ಸಿದ್ಧಪಡಿಸುವ ಹೊಣೆಯನ್ನು 2008ರ ನಿಯಮಗಳೇ ನಿಮಗೆ ಕೊಟ್ಟಿವೆ. ಆ ಪಟ್ಟಿ ಕಾಲೇಜುಗಳಿಗೂ ತಲುಪಬೇಕೆಂದು ಅವೇ ನಿಯಮಗಳು ಹೇಳುತ್ತವೆ. ಮೈಸೂರು ಮತ್ತು ಮಂಡ್ಯದ ಪಟ್ಟಿಯನ್ನು ಪ್ರತಿ ವರ್ಷ ಫೆಬ್ರವರಿ ಮುಗಿಯುವುದರೊಳಗೆ ಹೊಸದಾಗಿ ಮಾಡಿ, ತಾಲೂಕುಗಳನ್ನು ಬಿಡದೆ, ಎಲ್ಲ ಕಾಲೇಜುಗಳ ನೋಟಿಸ್ ಬೋರ್ಡಿಗೆ ತಲುಪಿಸಬೇಕೆಂದು ಕೋರುತ್ತೇವೆ. ಪಟ್ಟಿಯಲ್ಲಿ ವಕೀಲರ ಹೆಸರಿನ ಮುಂದೆ ಯಾವ ಕೋರ್ಟು, ಯಾವ ಬಗೆಯ ಕೇಸು, ಯಾವ ತಿಂಗಳು, ಎಷ್ಟು ಜನ, ಬಸ್ ಖರ್ಚು ಕೊಡುತ್ತಾರೆಯೇ ಎಂಬ ಐದು ಕಾಲಂ ಇರಲಿ. ನಮ್ಮಲ್ಲಿ ಹತ್ತು ವರ್ಷ ಮುಗಿಸಿದವರು ಆ ಪಟ್ಟಿಗೆ ಹೆಸರು ಕೊಡಲು ಸಿದ್ಧರಿದ್ದಾರೆ, ಕಿರಿಯರು ಕರಡು ತಿದ್ದಿಕೊಡಲು ಸಿದ್ಧರಿದ್ದಾರೆ. ಅರ್ಜಿ ನಮೂನೆ ಯಾವ ಕಚೇರಿಯಲ್ಲಿ ಸಿಗುತ್ತದೆಂದು ತಿಳಿಸಿದರೆ ತುಂಬಿ ತಂದು ಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮೈಸೂರು ಮತ್ತು ಮಂಡ್ಯದ ಕೆಲವು ವಕೀಲರು ಹಾಗೂ ಕಾನೂನು ಅಧ್ಯಾಪಕರು